ಮಂಡಕ್ಕಿಗೆ ತೂಕವಿಲ್ಲ

ಬೆನಕಪ್ಪ ಹೇಳುವುದರಲ್ಲಿ ಅರ್ಧ ತೆಗೆದುಬಿಡಿ ಎಂದು ಚನ್ನಗಿರಿ ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ನಿಮಗೆ ಹೇಳಿಯಾರು. ಅದು ಬರೀ ಹೊಟ್ಟೆಕಿಚ್ಚು. ಚನ್ನಗಿರಿಯಿಂದ ಹೊನ್ನಾಳಿ ಮೇಲೆ ನ್ಯಾಮತಿಗೆ ಹೋಗುವ ಪ್ರೈವೇಟ್ ಬಸ್ಸಿನಲ್ಲಿ ಮೂವತ್ತೆರಡು ವರ್ಷ ಕಂಡಕ್ಟರ್ ಆಗಿದ್ದವನು ನಾನು. ಕೆರೆ ಏರಿಯ ಮೇಲೆ ನಾನು ಒಮ್ಮೆ ಸೀಟಿ ಊದಿದರೆ ಸೂಳೆಕೆರೆಯ ಮೀನುಗಳು ತಟಕ್ಕನೆ ನಿಂತು, ‘ರೈಟ್’ ಅಂದ ಮೇಲೆಯೇ ಮುಂದೆ ಈಜುತ್ತಿದ್ದವು. ಐವತ್ತೆರಡು ಸೀಟಿನ ಬಸ್ಸಿನಲ್ಲಿ ನೂರಾ ಎಪ್ಪತ್ತು ಜನರನ್ನು ಹತ್ತಿಸಿ, ಕೊನೆಗೆ ಹತ್ತಿದ ಮುದುಕಿಗೆ ಕಾಲು ಚಾಚಿ ಕೂರಲು ಜಾಗ ಮಾಡಿಕೊಟ್ಟಿದ್ದೇನೆ.

ಊಟದ ವಿಷಯ ನಾನೇ ಹೇಳಿಕೊಳ್ಳಬಾರದು. ಆದರೆ ಬೇರೆ ಯಾರೂ ಹೇಳುವುದಿಲ್ಲವಲ್ಲ. ಮದುವೆಯಾದ ಹೊಸದರಲ್ಲಿ ಅತ್ತೆಮನೆಯಲ್ಲಿ ಒಂದೇ ಪಟ್ಟಿಗೆ ಹನ್ನೊಂದು ಮುದ್ದೆ ಇಳಿಸಿದ್ದೆ. ಹನ್ನೆರಡನೆಯದಕ್ಕೆ ಹಿಟ್ಟು ಸಾಲದೆ ನಮ್ಮ ಮಾವ ಚೊಂಬು ಹಿಡಿದು ಹಿತ್ತಲ ಬಾಗಿಲಿನಿಂದ ಹೊರಟವರು, ನಾನು ಕೈ ತೊಳೆದ ಸುದ್ದಿ ತಿಳಿದ ಮೇಲೆಯೇ ವಾಪಸಾದದ್ದು.

ಆ ಅತ್ತೆಮನೆ ಇದ್ದದ್ದು ಜಗಳೂರಿನಲ್ಲಿ. ಊರ ಹೆಸರಿನ ಮೊದಲ ಮೂರಕ್ಷರ ಏನೆಂದು ನೀವೇ ಓದಿಕೊಳ್ಳಿ; ನಾನು ಬಾಯಿಬಿಟ್ಟು ಹೇಳಿದರೆ ಮನೆಯಲ್ಲಿ ಹೊಸದೊಂದು ಶುರುವಾಗುತ್ತದೆ. ನನ್ನ ಹೆಂಡತಿ ಕೊಟ್ರಮ್ಮ ಆ ಊರಿನಿಂದ ತಂದದ್ದು ಎರಡೇ: ಒಂದು ನಾಲಿಗೆ, ಇನ್ನೊಂದು ಹೊಲಿಗೆ ಮಿಷನ್ನು. ಎರಡೂ ನಿಲ್ಲದೆ ಓಡುತ್ತಿದ್ದವು. ಚನ್ನಗಿರಿಯ ಹೆಂಗಸರ ಮೈಮೇಲಿನ ಜಂಪರುಗಳಲ್ಲಿ ಮುಕ್ಕಾಲು ಪಾಲು ಅವಳ ಕೈಯವು. ಹೊಲಿಗೆ ಬಿಚ್ಚಿತೆಂದು ದೂರು ತಂದವರು ಒಬ್ಬರೂ ಇಲ್ಲ. ಬಟ್ಟೆಯೆಲ್ಲ ಸವೆದುಹೋಗಿ ಹೊಲಿಗೆ ಮಾತ್ರ ಉಳಿದ ಜಂಪರನ್ನು ನಾನು ಕಣ್ಣಾರೆ ನೋಡಿದ್ದೇನೆ.

ಎಂಬತ್ತನಾಲ್ಕನೇ ಇಸವಿಯಲ್ಲಿ ಅವಳ ಕಣ್ಣಿಗೆ ಪೊರೆ ಬಂತು. ಮೊದಮೊದಲು ಅವಳು ಹೇಳಲಿಲ್ಲ. ದೀಪದ ಮೇಲೆ ತಪ್ಪು ಹಾಕಿದಳು, ದಾರದ ಮೇಲೆ ತಪ್ಪು ಹಾಕಿದಳು. ಒಂದು ದಿನ ಯಾರದೋ ಜಂಪರಿನ ತೋಳನ್ನು ಕೊರಳಿಗೆ ಕೂಡಿಸಿದ ಮೇಲೆ ತಪ್ಪು ಹಾಕಲು ಇನ್ನೇನೂ ಉಳಿಯಲಿಲ್ಲ. “ಏನ್ರೀ, ಒಂಚೂರು ಸೂಜಿಗೆ ದಾರ ಪೋಣಿಸಿ ಕೊಡ್ರಿ” ಎಂದಳು. ಇಪ್ಪತ್ತೈದು ವರ್ಷದಲ್ಲಿ ಅವಳು ನನ್ನನ್ನು ಕೇಳಿದ ಮೊದಲ ಸಹಾಯ ಅದು. ಅಂದಿನಿಂದ ಆರೂವರೆಯ ಮೊದಲ ಬಸ್ಸಿಗೆ ಹೋಗುವ ಮುಂಚೆ ನಾನು ಹನ್ನೆರಡು ಸೂಜಿಗೆ ದಾರ ಪೋಣಿಸಿ, ಹಳೆಯ ದಿಂಬಿಗೆ ಸಾಲಾಗಿ ಚುಚ್ಚಿಟ್ಟು ಹೋಗುತ್ತಿದ್ದೆ. ಮಧ್ಯಾಹ್ನ ಬರುವಷ್ಟರಲ್ಲಿ ಹನ್ನೆರಡೂ ಮುಗಿದಿರುತ್ತಿದ್ದವು. ಅವಳು ಮಿಷನ್ನಿನ ಮೇಲೆ ಕೈ ಇಟ್ಟುಕೊಂಡು ಸುಮ್ಮನೆ ಕೂತಿರುತ್ತಿದ್ದಳು. ಮಿಷನ್ನು ಸುಮ್ಮನಿತ್ತು, ನಾಲಿಗೆಯೂ ಸುಮ್ಮನಿತ್ತು. ಆ ಎರಡನೆಯದು ಸುಮ್ಮನಾದಾಗ ನನಗೆ ಹೆದರಿಕೆಯಾಯಿತು.

ನಮ್ಮ ಬೀದಿಯ ಡಾಕ್ಟರ್ ಮರುಳಪ್ಪನವರಿಗೆ ತೋರಿಸಿದೆ. ಅವರು ಕಣ್ಣು ನೋಡಿದರು, ಆಮೇಲೆ ಕಣ್ಣಿಗೆ ಸಂಬಂಧವೇ ಇಲ್ಲದ ಪರೀಕ್ಷೆ ಮಾಡಿದರು. ಗಾಜಿನ ನಳಿಗೆಗೆ ನೀಲಿ ಔಷಧ ಹಾಕಿ, ಎಂಟು ಹನಿ ಮೂತ್ರ ಬಿಟ್ಟು, ಸ್ಪಿರಿಟ್ ದೀಪದ ಮೇಲೆ ಹಿಡಿದರು. ನೀಲಿ ಹಸಿರಾಯಿತು, ಹಳದಿಯಾಯಿತು, ಕಿತ್ತಳೆಯಾಯಿತು, ಕೊನೆಗೆ ಸುಟ್ಟ ಇಟ್ಟಿಗೆಯ ಹಾಗೆ ಕೆಂಪಗಾಗಿ ನಿಂತಿತು.

“ಸಕ್ಕರೆ ಕಾಯಿಲೆ ಐತೆ ಬೆನಕಪ್ಪಾರೆ. ಜನವರಿ ಕೊನೇಲಿ ಹೊನ್ನಾಳೀಲಿ ಕಣ್ಣಿನ ಕ್ಯಾಂಪ್ ಐತೆ, ಪರೀಕ್ಷೆಗೆ ನಾನೇ ಇರ್ತೀನಿ. ಆವತ್ತು ಈ ನೀಲಿ ನೀಲಿಯಾಗೇ ಉಳುದ್ರೆ ಆಪರೇಷನ್. ಇಟ್ಟಿಗೆ ಬಂದ್ರೆ ಕಣ್ಣು ಮುಟ್ಟಲ್ಲ, ಗಾಯ ಮಾಗಲ್ಲ. ಮುಂದಿನ ಕ್ಯಾಂಪ್ ಯಾವಾಗ್ಲೋ, ಅಷ್ಟರಲ್ಲಿ ಪೊರೆ ಪೂರ್ತಿ ಮುಚ್ಚಿರ್ತೈತೆ.”

ಮಾತ್ರೆ ಬರೆದರು. ಒಂದು ಮಂಡಲ, ಅಂದರೆ ನಲವತ್ತೆಂಟು ದಿನ ಪಥ್ಯ ಹೇಳಿದರು. ಅನ್ನ ಇಲ್ಲ, ಮುದ್ದೆ ಇಲ್ಲ, ರೊಟ್ಟಿ ಇಲ್ಲ, ಸಕ್ಕರೆ ಬೆಲ್ಲ ಇಲ್ಲ. ಸೊಪ್ಪು, ಕಾಳು, ಮಜ್ಜಿಗೆ. “ಮೈಗೆ ಶಕ್ತಿ ಬೇಕಲ್ಲ, ಮೊಟ್ಟೆ ತಿಂತೀರಾ?” ಎಂದರು. ಕೊಟ್ರಮ್ಮ ಕೊರಳಿನ ಲಿಂಗಕ್ಕೆ ಕೇಳಿಸೀತೆಂದು ಅದರ ಮೇಲೆ ಸೆರಗು ಮುಚ್ಚಿದಳು. ಡಾಕ್ಟರು ನಕ್ಕು ಬೀರುವಿನಿಂದ ಒಂದು ಡಬ್ಬಿ ತೆಗೆದರು. ಪ್ರೋಟೀನ್ ಪುಡಿಯಂತೆ. ನಾಲ್ಕು ಚಮಚ ಪುಡಿ, ಒಂದು ಲೋಟ ಮಜ್ಜಿಗೆ, ಊಟದ ಬದಲು. “ಚೆನ್ನಾಗಿ ಶೇಕ್ ಮಾಡಿ ಕುಡೀಬೇಕು” ಎಂದರು.

ಮನೆಗೆ ಬಂದು ಶೇಕ್ ಮಾಡಿದೆ. ಕೊಟ್ರಮ್ಮ ಒಂದು ಗುಟುಕು ಬಾಯಿಗೆ ಹಾಕಿಕೊಂಡು, ನುಂಗಲೂ ಆಗದೆ ಉಗುಳಲೂ ಆಗದೆ ನನ್ನ ಮುಖ ನೋಡಿದಳು.

“ಇದೇನ್ರೀ ಇದು? ಎಮ್ಮೆಗೆ ಇಡೋ ಕಲಗಚ್ಚಿಗೂ ಇದಕ್ಕಿಂತ ಮರ್ಯಾದಿ ಐತೆ!”

“ಔಷಧ ಕಣೇ. ಕುಡಿ, ಕಣ್ಣು ಬರ್ತವೆ.”

“ಗೋಡೆಗೆ ಬಳಿಯೋ ಸುಣ್ಣ ಕುಡುದ್ರೆ ಕಣ್ಣು ಬರ್ತಾವಾ? ನಾನೊಬ್ಳೇ ಇದನ್ನ ಕುಡುದು, ನಿಮಗೆ ಬಿಸಿ ಬಿಸಿ ಮುದ್ದೆ ತಿರುವಿ ಇಡ್ಲಾ? ಆ ವಾಸ್ನೆ ಬಂದ್ರೆ ನಾನು ಉಳೀತೀನಾ? ನನ್ನ ಕೈಲಿ ಆಗಾಕಿಲ್ಲ.”

“ನಾನೂ ಕುಡೀತೀನಿ, ಸಾಕಾ?”

“ನೀವಾ?” ಅವಳು ಎಷ್ಟು ಜೋರಾಗಿ ನಕ್ಕಳೆಂದರೆ ಪಕ್ಕದ ಮನೆಯ ರುದ್ರಾಣಿ ಏನಾಯಿತೆಂದು ಬೇಲಿಯ ಮೇಲಿಂದ ಇಣುಕಿದಳು. “ಗುರುವಿನಾಣೆ ಹಾಕ್ರಿ ಹಂಗಾರೆ.”

ಹಾಕಿದೆ. “ಅನ್ನ, ಮುದ್ದೆ, ರೊಟ್ಟಿ, ಸಕ್ಕರೆ, ಬೆಲ್ಲ ಒಂದು ಮಂಡಲ ಮುಟ್ಟಲ್ಲ, ಗುರುವಿನಾಣೆ.” ಆ ಆಣೆಯ ಒಂದೊಂದು ಅಕ್ಷರವನ್ನೂ ನಾನು ಉಳಿಸಿಕೊಂಡೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ನನ್ನ ಮೇಲೆ ಅಪವಾದ ಬರಲಿದೆ.

ಡಾಕ್ಟರ ಡಬ್ಬಿ ಆರು ದಿನಕ್ಕೆ ಖಾಲಿಯಾಯಿತು. ಎರಡನೇ ಡಬ್ಬಿ ಕೇಳಲು ನಾನೇನು ದಡ್ಡನೇ? ಜಗಳೂರಿನಿಂದ ಒಂದು ಚೀಲ ಶೇಂಗಾ ತರಿಸಿದೆ. ಹುರಿಗಡಲೆ, ಅಗಸೆ, ಜೀರಿಗೆ ಸೇರಿಸಿ ಪುಡಿ ಮಾಡಿಸಿದೆ. ಡಾಕ್ಟರೇ ಬೆರಳಲ್ಲಿ ನೆಕ್ಕಿ ನೋಡಿ “ಪರವಾಗಿಲ್ಲ” ಎಂದರು. ಅಂದರೆ ಜಗತ್ತಿನಲ್ಲಿ ಇಂಥದ್ದು ಇನ್ನೊಂದಿಲ್ಲ ಎಂದರ್ಥ. ಡಾಕ್ಟರುಗಳು ಬಾಯಿಬಿಟ್ಟು ಹೊಗಳುವುದಿಲ್ಲ.

ಉಳಿದದ್ದು ಶೇಕ್ ಮಾಡುವ ಕೆಲಸ. ಕಡಗೋಲು ಹಿಡಿದು ಕಡೆಯಲು ಬೆಳಗಿನ ಹೊತ್ತು ನನಗೆಲ್ಲಿದೆ ಪುರುಸೊತ್ತು? ಆಗ ಹೊಳೆಯಿತು: ನನ್ನ ಕೈಯಲ್ಲಿ ಚನ್ನಗಿರಿ–ಹೊನ್ನಾಳಿ ರಸ್ತೆ ಇರುವಾಗ ಕಡಗೋಲು ಯಾಕೆ? ಎರಡು ಹಾಲಿನ ಕ್ಯಾನಿಗೆ ಮಜ್ಜಿಗೆ ಪುಡಿ ತುಂಬಿ, ಮುಚ್ಚಳ ಬಿಗಿದು, ಬಸ್ಸಿನ ಹಿಂದಿನ ಸೀಟಿನ ಕೆಳಗೆ ಹಗ್ಗದಿಂದ ಕಟ್ಟಿದೆ. ಕೆರೆಬಿಳಚಿಗೆ ಬರುವಷ್ಟರಲ್ಲಿ ಪುಡಿ ಕರಗಿತ್ತು. ಸೂಳೆಕೆರೆ ಏರಿ ದಾಟುವಷ್ಟರಲ್ಲಿ ನೊರೆ ಬಂದಿತ್ತು. ಸಾಸ್ವೆಹಳ್ಳಿಯಲ್ಲಿ ಮುಚ್ಚಳ ತೆಗೆದು ನೋಡುತ್ತೇನೆ, ನಿಂಬೆಹಣ್ಣಿನ ಗಾತ್ರದ ಬೆಣ್ಣೆ ತೇಲುತ್ತಿದೆ! ನಮ್ಮ ಡ್ರೈವರ್ ಗಿಡ್ಡಪ್ಪ ಆರಡಿ ಎತ್ತರದ ಮನುಷ್ಯ. ಹೆಸರಿಟ್ಟವರು ತೊಟ್ಟಿಲಲ್ಲಿ ನೋಡಿ ಇಟ್ಟದ್ದು. ಅವನು ಹೇಳಿದ: “ಬೆನಕಣ್ಣ, ಒಂದು ಗುಂಡಿ ತಪ್ಪಿಸಿ ಹೊಡುದ್ರೆ ನಿನ್ನ ಶೇಕು ಕೆಡ್ತೈತೇನೋ ಅಂತ, ಯಾವುದನ್ನೂ ತಪ್ಪಿಸ್ಲಿಲ್ಲ ನೋಡು.”

ಒಂದು ಕ್ಯಾನು ನನಗೆ. ಇನ್ನೊಂದು ನ್ಯಾಮತಿ ಮುಟ್ಟಿ, ವಾಪಸು ಹನ್ನೆರಡೂವರೆಗೆ ಮನೆ ಸೇರುತ್ತಿತ್ತು.

“ಬಂದ್ರಾ ನ್ಯಾಮತಿ ಸಾಹುಕಾರ್ರು?” ಎಂದು ಕೊಟ್ರಮ್ಮ ಮಾತಾಡಿಸುತ್ತಿದ್ದದ್ದು ನನ್ನನ್ನಲ್ಲ, ಕ್ಯಾನನ್ನು. “ಮದ್ವೆ ಆಗಿ ಇಪ್ಪತ್ತೈದು ವರ್ಷಕ್ಕೆ ನನ್ನನ್ನ ನಾಕು ಊರು ತೋರಿಸ್ಲಿಲ್ಲ, ಈ ಮಜ್ಜಿಗೆ ದಿನಾ ಹೊಳೆ ದಾಟಿ ಬರ್ತೈತೆ.” ಮೂಗು ಹಿಡಿದು ಕುಡಿಯುತ್ತಿದ್ದಳು. ಕುಡಿದಾದ ಮೇಲೆ ಡಾಕ್ಟರಿಗೆ ಒಂದು, ಎಮ್ಮೆಗೆ ಒಂದು, ಶೇಂಗಾ ಕಳಿಸಿದ ತನ್ನ ಅಣ್ಣನಿಗೆ ಎರಡು ಬೈಗುಳ ಹಂಚುತ್ತಿದ್ದಳು. ಸಂಕ್ರಾಂತಿಯ ದಿನ ಎಳ್ಳು ಬೀರಲು ಬಂದವರು “ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡು ಕೊಟ್ರಮ್ಮ” ಎಂದರೆ, ಬೆಲ್ಲದ ಚೂರುಗಳನ್ನು ಬೆರಳಿನಲ್ಲಿ ತಡವಿ ತಡವಿ ಬೇರೆ ಮಾಡಿ, ಬರೀ ಎಳ್ಳು ಬಾಯಿಗೆ ಹಾಕಿಕೊಂಡು, “ಬೆಲ್ಲ ತಿನ್ನದೋಳ ಬಾಯಾಗೆ ಎಂಥ ಒಳ್ಳೆ ಮಾತು ಬರ್ತೈತೆ ಹೋಗ್ರವ್ವ” ಎಂದಳು.

ಇಷ್ಟು ಗೊಣಗುವವಳು ಕದ್ದು ತಿನ್ನದೆ ಇರುತ್ತಾಳೆಯೇ? ನನಗೆ ಮೊದಲ ವಾರದಿಂದಲೇ ಅನುಮಾನ.

ನನ್ನ ವಿಷಯ ಬೇರೆ. ನಾನು ಗೊಣಗುವವನಲ್ಲ. ಒಂದು ಕ್ಯಾನು ಶೇಕ್ ಕುಡಿದು ಬಾಯಿ ಒರೆಸಿ ಸೀಟಿ ಊದುತ್ತಿದ್ದೆ. ಆದರೆ ಹನ್ನೊಂದು ಮುದ್ದೆ ಕಂಡ ಹೊಟ್ಟೆ, ನೋಡಿ. ಹೊನ್ನಾಳಿ ಸ್ಟ್ಯಾಂಡಿನಲ್ಲಿ ಬಸ್ಸು ಅರ್ಧ ಗಂಟೆ ನಿಲ್ಲುತ್ತಿತ್ತು. ಇಳಿದ ಕಡೆಯೇ ಉಚ್ಚಂಗಮ್ಮನ ಮಂಡಕ್ಕಿ ಬುಟ್ಟಿ.

“ಯಾಕ್ ಕಂಡಕ್ಟ್ರಣ್ಣ, ಮುಖ ಬಾಡೈತೆ?”

“ಪಥ್ಯ ಕಣವ್ವ. ಅನ್ನ ಇಲ್ಲ, ಮುದ್ದೆ ಇಲ್ಲ, ರೊಟ್ಟಿ ಇಲ್ಲ.”

“ಅಯ್ಯೋ ಶಿವನೇ! ಒಂದು ಸೇರು ಮಂಡಕ್ಕಿ ಅಳೀಲಾ? ಅದೇನು ಊಟವಾ?”

ಅದೇನು ಊಟವೇ! ಎಂಥ ಮಾತು ಹೇಳಿದಳು ನೋಡಿ. ನಮ್ಮ ಕಡೆ ಮಂಡಕ್ಕಿಯನ್ನು ಊಟವೆಂದು ಕರೆದವರು ಹುಟ್ಟಿಲ್ಲ. ನಮ್ಮವ್ವ ಸೋಮವಾರ ಒಪ್ಪತ್ತು ಮಾಡಿ, ಸಂಜೆ ಒಂದು ಮೊರ ಮಂಡಕ್ಕಿ ಮುಗಿಸಿ, “ಇವತ್ತು ಹೊಟ್ಟೆಗೆ ಏನೂ ಇಲ್ಲಪ್ಪ” ಎಂದು ಮಲಗುತ್ತಿದ್ದಳು. ದೇವರು ಒಪ್ಪಿಕೊಂಡಿದ್ದ. ದೇವರಿಗಿಂತ ಡಾಕ್ಟರು ದೊಡ್ಡವರೇ? ಇನ್ನೊಂದು ವಿಷಯ: ಮಂಡಕ್ಕಿಯನ್ನು ಯಾರಾದರೂ ತಕ್ಕಡಿಯಲ್ಲಿ ತೂಗಿದ್ದು ನೀವು ನೋಡಿದ್ದೀರಾ? ಸೇರಿನಲ್ಲಿ ಅಳೆಯುತ್ತಾರೆ. ತಕ್ಕಡಿಗೇ ತೂಕ ಸಿಗದ ಪದಾರ್ಥ ಮನುಷ್ಯನ ಮೈಗೆ ತೂಕವಾಗುವುದು ಹೇಗೆ? ಅದು ಗಾಳಿ. ಉಪ್ಪು ಹಚ್ಚಿದ ಗಾಳಿ.

ಒಂದು ಸೇರಿನಿಂದ ಶುರುವಾದದ್ದು ಎರಡನೇ ವಾರಕ್ಕೆ ನಾಲ್ಕು ಸೇರಾಯಿತು. ಜೊತೆಗೆ ಮೆಣಸಿನಕಾಯಿ ಬಜ್ಜಿ. ಅದರ ಮೇಲಿರುವುದು ಕಡಲೆಹಿಟ್ಟು, ಡಾಕ್ಟರೇ ಕಾಳು ತಿನ್ನಿ ಎಂದಿದ್ದರು. ಕೊಟ್ರಮ್ಮ ಕಣ್ಣು ಚೆನ್ನಾಗಿದ್ದ ಕಾಲದಲ್ಲಿ ನನ್ನ ಖಾಕಿ ಕೋಟಿಗೆ ನಾಲ್ಕು ಜೇಬು ಇಟ್ಟಿದ್ದಳು. ಒಂದೊಂದರಲ್ಲಿ ಒಂದು ಕರು ಮಲಗಬಹುದು. ಆ ನಾಲ್ಕಕ್ಕೂ ಮಂಡಕ್ಕಿ ತುಂಬಿಕೊಂಡು ನ್ಯಾಮತಿವರೆಗೆ ತಿನ್ನುತ್ತಾ ಹೋಗಿ, ವಾಪಸು ಬರುವಾಗ ಮತ್ತೆ ತುಂಬಿಸುತ್ತಿದ್ದೆ. ಕೆರೆಬಿಳಚಿ ಸ್ಟಾಪಿನಲ್ಲಿ ಜೇಬು ಹೊರಳಿಸಿ ಕೊಡವುತ್ತಿದ್ದೆ. ಅಲ್ಲಿನ ಗುಬ್ಬಿಗಳು ಆ ಮಂಡಲದಲ್ಲಿ ಪಾರಿವಾಳದಷ್ಟಾದವು. ಮನೆಯಲ್ಲಿ ಹೇಳಲಿಲ್ಲ. ಮುಚ್ಚಿಡುವಂಥದ್ದೇನೂ ಇರಲಿಲ್ಲ. ಗಾಳಿ ಕುಡಿದದ್ದನ್ನು ಯಾರಾದರೂ ಹೆಂಡತಿಗೆ ಹೇಳುತ್ತಾರೆಯೇ?

ನಲವತ್ತು ದಿನವಾದರೂ ನನ್ನ ಬೆಲ್ಟು ಒಂದು ತೂತು ಒಳಗೆ ಹೋಗಲಿಲ್ಲ. ಬದಲಿಗೆ ಒಂದು ತೂತು ಹೊರಗೆ ಬಂತು. ನಾನು ಲೆಕ್ಕ ಹಾಕಿದೆ: ಇಷ್ಟು ನಿಯತ್ತಾಗಿ ಪಥ್ಯ ಮಾಡುವ ನನಗೇ ಹೀಗಾದರೆ, ದಿನಾ ಗೊಣಗುವ ಅವಳ ಗತಿ ಏನು?

ಕ್ಯಾಂಪಿಗೆ ಮೂರು ದಿನ ಇರುವಾಗ ಸಾಕ್ಷಿಯೂ ಸಿಕ್ಕಿತು. ಮಧ್ಯಾಹ್ನ ಮನೆಯೊಳಗೆ ಕಾಲಿಟ್ಟರೆ ಮುದ್ದೆಯ ವಾಸನೆ. ಮೂಲೆಯಲ್ಲಿ ಮುದ್ದೆ ಕೋಲು ಹಸಿಯಾಗಿದೆ.

“ಯಾರಿಗೆ ತಿರುವಿದ್ದೆ?” ಎಂದೆ.

“ರುದ್ರಾಣಿ ಬಾವಿಕಟ್ಟೇಲಿ ಜಾರಿ ಬಿದ್ದು ಬಲಗೈ ಮುರ್ಕೊಂಡಾಳೆ. ಅವಳ ಮನೇಗೆ ಎರಡು ಮುದ್ದೆ ತಿರುವಿ ಕೊಟ್ಟೆ. ಯಾಕ್ರೀ ಹಂಗೆ ಕೇಳ್ತೀರಿ?”

ಇಪ್ಪತ್ತೆರಡು ವರ್ಷ ‘ಪಾಸು ಮನೇಲಿ ಬಿಟ್ಟು ಬಂದೀನಿ’ ಎನ್ನುವವರನ್ನು ನೋಡಿದವನು ನಾನು. ಬೇಲಿ ದಾಟಿ ಹೋಗಿ ರುದ್ರಾಣಿಯ ಕೈ ನೋಡಿ ಬರಬಹುದಿತ್ತು. ಆದರೆ ಹೆಂಡತಿಯ ಮಾತು ನಂಬದವನು ಎಂಬ ಹೆಸರು ನನಗೆ ಬೇಡವಾಗಿತ್ತು. ಹಾಗಾಗಿ ನೋಡದೆಯೇ ನಂಬದೆ ಉಳಿದೆ.

ಬೈಯಲಿಲ್ಲ. ಪಾಪ, ಮುದ್ದೆ ಎದುರಿಗೆ ಬಂದರೆ ಯಾರು ತಾನೇ ತಡೆದಾರು? ಆದರೆ ಅವಳ ಕಣ್ಣು ಹೋಗಬಾರದು. ಆ ಮಿಷನ್ನು ಮತ್ತೆ ಓಡಬೇಕು. ಆದ್ದರಿಂದ ನಾನೊಂದು ಉಪಾಯ ಮಾಡಿದೆ. ಇಷ್ಟು ಚಾಣಾಕ್ಷ ಉಪಾಯ ಚನ್ನಗಿರಿ ತಾಲ್ಲೂಕಿನಲ್ಲಿ ಅದಕ್ಕೆ ಮುಂಚೆ ಯಾರಿಗೂ ಹೊಳೆದಿರಲಿಲ್ಲ, ಹೊಳೆದಿದ್ದರೂ ಮಾಡುವ ಗುಂಡಿಗೆ ಇರಲಿಲ್ಲ. ಪರೀಕ್ಷೆಗೆ ಒಯ್ಯುವ ಅವಳ ಮೂತ್ರದ ಬಾಟಲಿಯ ಬದಲು ನನ್ನದನ್ನು ಕೊಡುವುದು. ನನ್ನ ಮೈಯಲ್ಲಿ ಸಕ್ಕರೆ ಎಲ್ಲಿಂದ ಬರಬೇಕು? ಹುಟ್ಟಿದಾಗಿನಿಂದ ಒಂದು ದಿನ ನೆಗಡಿ ಕಂಡವನಲ್ಲ. ಹಾಗಿರುವವನು ಸಾಲದೆಂದು ಒಂದು ಮಂಡಲ ಪಥ್ಯ ಬೇರೆ ಮಾಡಿದ್ದೇನೆ.

ಕ್ಯಾಂಪು ನಡೆದದ್ದು ಹೊನ್ನಾಳಿಯ ಒಂದು ಛತ್ರದಲ್ಲಿ. ಮುಂದೆ ಶಾಮಿಯಾನ, ಅದರ ಕೆಳಗೆ ಸಾಲು. ಸಾಲು ನಿಲ್ಲಿಸುವುದು ಗೊತ್ತಿಲ್ಲದವರು ಸಾಲು ಮಾಡಿದ್ದರು. ನಾನು ಸೀಟಿ ತೆಗೆದು ಒಮ್ಮೆ ಊದಿದೆ ನೋಡಿ, ಇನ್ನೂರು ಜನ ಕಣ್ಣು ಕಾಣದಿದ್ದರೂ ನೇರ ನಿಂತರು.

“ಏನ್ ಬೆನಕಣ್ಣ, ಇಲ್ಲೂ ಟಿಕೆಟ್ ಹರೀತೀಯಾ?” ಎಂದ ಮರುಳಪ್ಪನವರ ಕಾಂಪೌಂಡರ್ ರಂಗಣ್ಣ.

ಮೇಜಿನ ಹಿಂದೆ ಡಾಕ್ಟರ್ ಮರುಳಪ್ಪ, ಮುಂದೆ ಸ್ಪಿರಿಟ್ ದೀಪ. ಕೊಟ್ರಮ್ಮ ತನ್ನ ಬಾಟಲಿಯನ್ನು ಸೆರಗಿನ ಮರೆಯಲ್ಲಿ ನನ್ನ ಕೈಗೆ ಕೊಟ್ಟಳು. ಡಾಕ್ಟರ ಅಂಗಡಿಯದೇ ಮಿಕ್ಸ್ಚರ್ ಬಾಟಲಿ, ಪಕ್ಕಕ್ಕೆ ಗುಟುಕಿನ ಗುರುತು ಕತ್ತರಿಸಿದ ಕಾಗದ ಅಂಟಿಸಿದ್ದು. ಅಂಥದೇ ಇನ್ನೊಂದು ನನ್ನ ಕೋಟಿನ ಎಡ ಜೇಬಿನಲ್ಲಿತ್ತು. ಅವಳದು ಬಲ ಜೇಬಿಗೆ ಇಳಿಯಿತು, ನನ್ನದು ಮೇಜಿನ ಮೇಲೆ ಹತ್ತಿತು. ರಂಗಣ್ಣ ‘ಕೊಟ್ರಮ್ಮ, ಚನ್ನಗಿರಿ’ ಎಂದು ಚೀಟಿ ಹಚ್ಚಿದ. ನಾನು ಸುತ್ತಲಿನವರಿಗೆ ಪಥ್ಯದ ಮಹಿಮೆ ಹೇಳತೊಡಗಿದೆ. ಶೇಕಿನ ಪುಡಿ, ಬಸ್ಸು, ಬೆಣ್ಣೆ, ಎಲ್ಲ. “ನೋಡ್ತಾ ಇರ್ರಿ, ಸೂಳೆಕೆರೆ ನೀರಿನ ಹಂಗೆ ನೀಲಿ ಬರ್ತೈತೆ” ಎಂದೆ. ಇಪ್ಪತ್ತು ಜನ ಮೇಜಿನ ಸುತ್ತ ಸೇರಿದರು.

ಡಾಕ್ಟರು ನಳಿಗೆಯನ್ನು ದೀಪದ ಮೇಲೆ ಹಿಡಿದರು. ನೀಲಿ. ನಾನು ಮೀಸೆ ತಿರುವಿದೆ. ಹಸಿರು. ತಿರುವುತ್ತಿದ್ದ ಕೈ ನಿಂತಿತು. ಹಳದಿ. ಕೈ ಕೆಳಗೆ ಬಂತು. ಕಿತ್ತಳೆ. ಅದೂ ದಾಟಿ, ಇಟ್ಟಿಗೆ ಗೂಡಿನಿಂದ ಆಗಷ್ಟೇ ತೆಗೆದಂಥ ಕೆಂಪು! ಕೊಟ್ರಮ್ಮನ ಮೊದಲ ಸಲದ ಕೆಂಪು ಇದರ ಮುಂದೆ ಮಾಸಲು.

“ಛೆ, ಛೆ” ಎಂದರು ಡಾಕ್ಟರು. “ಮೊದಲಿಗಿಂತ ಜಾಸ್ತಿ ಆಗೈತಲ್ರೀ. ಪಥ್ಯ ಮಾಡಿಲ್ಲ ಇವ್ರು. ಕರ್ಕೊಂಡು ಹೋಗ್ರಿ ಬೆನಕಪ್ಪಾರೆ, ನಾನೇನೂ ಮಾಡಾಕಾಗಲ್ಲ. ಮುಂದಿನವರು ಬರ್ರಿ.”

ಕೊಟ್ರಮ್ಮ ನನ್ನ ತೋಳು ಹಿಡಿದಳು. “ಏನ್ ಬಣ್ಣ ಬಂತ್ರೀ? ನನಗೆ ಕಾಣವಲ್ದು.”

ಸುಳ್ಳು ಹೇಳಲು ನನ್ನಷ್ಟು ಅಭ್ಯಾಸ ಇರುವವನು ಈ ಮೂರು ತಾಲ್ಲೂಕಿನಲ್ಲಿ ಇನ್ನೊಬ್ಬನಿಲ್ಲ. ಆದರೆ ಆ ಹೊತ್ತಿಗೆ ಒಂದೂ ಬಾಯಿಗೆ ಬರಲಿಲ್ಲ. “ಇಟ್ಟಿಗೆ” ಎಂದೆ.

ಅವಳು ಜಗಳವಾಡುತ್ತಾಳೆ ಎಂದುಕೊಂಡೆ. ಡಾಕ್ಟರ ಮೇಜು ಉರುಳಿಸುತ್ತಾಳೆ ಎಂದುಕೊಂಡೆ. ಅವಳು ಜಂಪರಿಗೆ ಸದಾ ಚುಚ್ಚಿಕೊಂಡಿರುತ್ತಿದ್ದ ಸೂಜಿಯನ್ನು ಬೆರಳಿನಲ್ಲಿ ಒಮ್ಮೆ ತಡವಿದಳು, ಅಷ್ಟೇ.

“ಹಂಗಾರೆ ನಾನೇ ಎಲ್ಲೋ ತಪ್ಪೀನಿ. ಎಳ್ಳಿನಾಗೆ ಒಂದು ಚೂರು ಬೆಲ್ಲ ಉಳ್ಕೊಂಡಿತ್ತೋ ಏನೋ, ಕಣ್ಣು ಕಾಣಲ್ಲ ನೋಡ್ರಿ. ನೀವು ಬೇಜಾರು ಮಾಡ್ಕಬ್ಯಾಡ್ರಿ. ನನ್ನ ಸಲುವಾಗಿ ನಲವತ್ತೆಂಟು ದಿನ ನೀವೂ ಉಪವಾಸ ಬಿದ್ರಿ. ಆ ಮಿಷನ್ನು ರುದ್ರಾಣಿಗೆ ಕೊಟ್ಬಿಡಾನ. ಕೈ ನೆಟ್ಟಗಾದ ಮ್ಯಾಲೆ ಹೊಲೀತಾಳೆ.”

ಅಂದರೆ ಕೈ ನಿಜವಾಗಿಯೂ ಮುರಿದಿತ್ತು.

ಬಲ ಜೇಬಿನ ಬಾಟಲಿ ನನ್ನ ಸೊಂಟಕ್ಕೆ ತಾಗುತ್ತಿತ್ತು. ಸುತ್ತ ಇಪ್ಪತ್ತು ಜನ, ಅದರಲ್ಲಿ ಹದಿನೈದು ಜನ ದಿನಾ ನನ್ನ ಬಸ್ಸಿಗೆ ಬರುವವರು. ನನ್ನ ಮರ್ಯಾದೆ ಎಂಬುದೊಂದು, ಇಪ್ಪತ್ತೆರಡು ವರ್ಷ ಸೀಟಿ ಊದಿ ಊದಿ ಉಬ್ಬಿಸಿದ್ದು, ಅವರ ಎದುರಿಗೇ ಇತ್ತು. ಮುಂದಿನ ಮುದುಕ ತನ್ನ ಬಾಟಲಿ ಮೇಜಿನ ಮೇಲೆ ಇಡಲು ಕೈ ಚಾಚಿದ್ದ.

“ಹೋಲ್ಡಾನ್!” ಎಂದು ಕೂಗಿದೆ. ಬಸ್ಸು ನಿಲ್ಲಿಸುವ ದನಿಯಲ್ಲೇ ಬಂತು. ಮುದುಕನ ಕೈ ಗಾಳಿಯಲ್ಲಿ ನಿಂತಿತು. “ಡಾಕ್ಟ್ರೇ, ಅದು ಕೊಟ್ರಿದಲ್ಲ. ಅವಳದು ಇದು.” ಬಲ ಜೇಬಿನಿಂದ ತೆಗೆದು ಇಟ್ಟೆ.

“ಹಂಗಾದ್ರೆ ಇದು ಯಾರದು?”

ಛತ್ರ ಎಷ್ಟು ನಿಶ್ಶಬ್ದವಾಯಿತೆಂದರೆ ತುಂಗಭದ್ರೆ ಹರಿಯುವುದು ಕೇಳಿಸಿತು.

“ನಂದು.”

ರಂಗಣ್ಣನಿಗೆ ನಗು ತಡೆಯಲಾಗಲಿಲ್ಲ, ತಿರುಗಿ ಗೋಡೆಯ ಕಡೆ ನಿಂತ. ಕೊಟ್ರಮ್ಮ ನನ್ನ ತೋಳು ಬಿಟ್ಟಳು. ಡಾಕ್ಟರು ಹೊಸ ನಳಿಗೆ ತೆಗೆದುಕೊಂಡು, ಎಂಟು ಹನಿ ಬಿಟ್ಟು, ದೀಪದ ಮೇಲೆ ಹಿಡಿದರು. ಹಿಡಿದೇ ಇದ್ದರು. ನೀಲಿ ಕುದಿಯಿತು. ಕುದಿದು ಕುದಿದು ನೀಲಿಯಾಗಿಯೇ ಉಳಿಯಿತು.

“ಏನ್ ಬಣ್ಣ?” ಎಂದಳು ಕೊಟ್ರಮ್ಮ. ಈ ಸಲ ನನ್ನನ್ನು ಕೇಳಲಿಲ್ಲ, ಡಾಕ್ಟರನ್ನು ಕೇಳಿದಳು.

“ನೀಲಿ ತಾಯಿ. ಪಥ್ಯ ಅಂದ್ರೆ ಇದು. ರಂಗಣ್ಣ, ಇವ್ರನ್ನ ಒಳಗೆ ಕರ್ಕೊಂಡು ಹೋಗು. ನೀವು ನಿಲ್ರಿ ಕಂಡಕ್ಟರ್ರೇ. ಏನು ತಿಂತೀರಿ ನೀವು?”

“ಏನೂ ಇಲ್ಲ ಡಾಕ್ಟ್ರೇ. ಅನ್ನ, ಮುದ್ದೆ, ರೊಟ್ಟಿ ಮುಟ್ಟಿದ್ರೆ ಗುರುವಿನಾಣೆ. ಬರೀ ಶೇಕು. ಆಮೇಲೆ ಒಂದಿಷ್ಟು ಮಂಡಕ್ಕಿ.”

“ಎಷ್ಟು?”

“ನಾಕು ಸೇರು. ಹೋಗ್ತಾ.”

“ಬರ್ತಾ?”

“ನಾಕು.”

ಡಾಕ್ಟರು ಕನ್ನಡಕ ತೆಗೆದರು. “ಮಂಡಕ್ಕಿ ಯಾವುದ್ರಿಂದ ಮಾಡ್ತಾರ್ರೀ?”

“ಭಟ್ಟೀಲಿ ಹುರೀತಾರೆ.”

“ಏನನ್ನ ಹುರೀತಾರೆ?”

ಬಾಗಿಲ ಬಳಿ ಹೋಗಿದ್ದ ರಂಗಣ್ಣನೇ ತಿರುಗಿ ಹೇಳಿದ: “ಅಣ್ಣ, ಹೆಸರಿನಾಗೇ ಅಕ್ಕಿ ಐತಲ್ಲೋ!”

ಮಂಡ-ಅಕ್ಕಿ. ಐವತ್ತು ವರ್ಷ ಆ ಪದವನ್ನು ಬಾಯಲ್ಲೂ ಹೊಟ್ಟೆಯಲ್ಲೂ ಇಟ್ಟುಕೊಂಡು ಓಡಾಡಿದವನಿಗೆ ಅದರೊಳಗಿನ ಅಕ್ಕಿ ಕಂಡಿರಲಿಲ್ಲ. ಪೊರೆ ಬಂದದ್ದು ಯಾರ ಕಣ್ಣಿಗೆ ಎಂದು ಡಾಕ್ಟರು ಕೇಳಲಿಲ್ಲ, ಅದು ಅವರ ದೊಡ್ಡತನ. ಜನ ನಕ್ಕರು ನೋಡಿ, ಆ ನಗುವಿಗೆ ಶಾಮಿಯಾನದ ಎರಡು ಗೂಟ ಕಿತ್ತುಬಂದವು. ಇದರಲ್ಲಿ ಅರ್ಧ ತೆಗೆಯಬೇಡಿ. ನಿಜವಾಗಿಯೂ ಕಿತ್ತುಬಂದವು.

ಒಳಗೆ ಹೋಗುವ ಮುಂಚೆ ಕೊಟ್ರಮ್ಮ ಹೊಸ್ತಿಲಲ್ಲಿ ನಿಂತು ನನ್ನ ದಿಕ್ಕಿಗೆ ಮುಖ ಮಾಡಿದಳು. “ನಾನು ಕದ್ದು ಉಂಡೀನಿ ಅಂತ ತಿಳ್ಕಂಡಿದ್ರಾ?”

“ಹೂಂ.”

“ತಿಳ್ಕಂಡೂ, ನನ್ನ ಕಣ್ಣು ಬರ್ಲಿ ಅಂತ ಬಾಟ್ಲಿ ಬದಲಿಸಿದ್ರಾ?”

“ಹೂಂ.”

“ಮಿಷನ್ನು ರುದ್ರಾಣಿಗೆ ಕೊಡಬ್ಯಾಡ್ರಿ. ಇನ್ನೊಂದು ಮಾತು, ನನಗೆ ಕಣ್ಣು ಬರ್ಲಿ, ಆಮ್ಯಾಲೆ ನಿಮಗೈತೆ” ಎಂದು ರಂಗಣ್ಣನ ಕೈ ಹಿಡಿದು ಒಳಗೆ ಹೋದಳು.

ಅಪ್ಪಣೆ ಕೊಟ್ಟ ಹಾಗೇ ಆಯಿತು. ಒಂದೂವರೆ ತಿಂಗಳ ಮೇಲೆ ಅವಳಿಗೆ ಸೋಡಾ ಬಾಟಲಿಯ ತಳದಂಥ ಕನ್ನಡಕ ಕೊಟ್ಟರು. ಹಾಕಿಕೊಂಡು ಮೊದಲು ನನ್ನನ್ನೇ ನೋಡಿದಳು. “ಅಯ್ಯಯ್ಯೋ, ಇದೇನ್ರೀ ಹಿಂಗೆ ಊದೀರಿ!” ಎಂದಳು. ಆ ಗಾಜಿನಲ್ಲಿ ಎಲ್ಲವೂ ದೊಡ್ಡದಾಗಿ ಕಾಣುತ್ತದೆ ಎಂದು ಡಾಕ್ಟರೇ ಹೇಳಿದ್ದರು. ಅವಳು ಬಾಗಿಲು ನೋಡಿದಳು, ಎಮ್ಮೆ ನೋಡಿದಳು, ಮತ್ತೆ ನನ್ನನ್ನು ನೋಡಿ, “ಉಳಿದದ್ದೆಲ್ಲ ಸರಿಯಾಗೇ ಐತಲ್ಲ” ಎಂದಳು.

ಆಮೇಲೆ ಜಂಪರಿನಿಂದ ಸೂಜಿ ತೆಗೆದಳು. ದಾರದ ತುದಿಯನ್ನು ನಾಲಿಗೆಗೆ ತಾಗಿಸಿ, ಬೆಳಕಿಗೆ ಹಿಡಿದು, ಒಂದೇ ಸಲಕ್ಕೆ ಪೋಣಿಸಿದಳು. ನಾನು ಹನ್ನೆರಡು ಸೂಜಿಗೆ ಅರ್ಧ ಗಂಟೆ ತೆಗೆದುಕೊಳ್ಳುತ್ತಿದ್ದೆ. ಇದನ್ನು ಯಾರಿಗೂ ಹೇಳಬೇಡಿ.

“ಆ ಕೋಟು ಕೊಡ್ರಿ ಇಲ್ಲಿ” ಎಂದಳು.

ಹೊಸ ಕಣ್ಣಿನಿಂದ ಅವಳು ಹೊಲಿದ ಮೊದಲ ಹೊಲಿಗೆ ನನ್ನ ಖಾಕಿ ಕೋಟಿನದು. ನಾಲ್ಕು ಜೇಬಿನಲ್ಲಿ ಮೂರರ ಬಾಯಿ ಮುಚ್ಚಿಬಿಟ್ಟಳು. ನಾಲ್ಕನೆಯದನ್ನು ಸಣ್ಣದು ಮಾಡಿ, ಟಿಕೆಟ್ ಪುಸ್ತಕ ಮತ್ತು ಸೀಟಿ ಹಿಡಿಸುವಷ್ಟು ಮಾತ್ರ ಉಳಿಸಿದಳು. ಮರುದಿನದಿಂದ ಹಿಂದಿನ ಸೀಟಿನ ಕೆಳಗೆ ಮತ್ತೆ ಎರಡು ಕ್ಯಾನು. ನನ್ನದರ ಮುಚ್ಚಳದ ಮೇಲೆ ಅವಳೇ ಬಟ್ಟೆ ಹೊಲಿದು ಬಿಗಿಯುತ್ತಿದ್ದಳು. ಹೊನ್ನಾಳಿಯಲ್ಲಿ ಉಚ್ಚಂಗಮ್ಮ ಸೇರು ಎತ್ತಿದರೆ ನಾನು ಕೋಟು ತೋರಿಸುತ್ತಿದ್ದೆ.

ಈಗ ಆ ಕೋಟಿಗೆ ವಯಸ್ಸಾಗಿದೆ. ಬಟ್ಟೆ ಅಲ್ಲಲ್ಲಿ ಸವೆದು ಬೆಳಕು ಕಾಣುತ್ತದೆ. ಜೇಬಿನ ಬಾಯಿ ಬಿಚ್ಚಿದೆಯೇ ಎಂದು ನಾನು ಆಗಾಗ ಬೆರಳು ಹಾಕಿ ನೋಡುತ್ತಿರುತ್ತೇನೆ. ಅವಳ ಹೊಲಿಗೆ. ಬಿಚ್ಚುವುದಿಲ್ಲ.